ಚಿತ್ರದಲ್ಲಿ ಕಾಣದ್ದು ಚೊಂಬಿನಲ್ಲಿತ್ತು

ಹಬ್ಬದ ಬೆಳಗ್ಗೆ ತಲೆಗೆ ಬಿಸಿನೀರು ಬಿದ್ದೊಡನೆ ಹುಡುಗ ಕುಸಿದ. ಮಿದುಳಿನ ಸ್ಕ್ಯಾನ್ ನೋಡಿದರೆ ಎಲ್ಲ ಸರಿ. ಹಾಗಾದರೆ ಅವನಿಗೆ ಬಂದದ್ದು ಗಾಳಿಯೋ, ಕಾಯಿಲೆಯೋ? ಕಾವೇರಿ ಸೀಮೆಯ ಬಚ್ಚಲುಮನೆಯಲ್ಲಿ ಅವಿತಿದ್ದ ಮೂರ್ಛೆಯೊಂದನ್ನು ವೈದ್ಯರು ಬೆನ್ನಟ್ಟಿ ಹಿಡಿದ ಕಥೆ ಇದು. ನವೆಂಬರ್ 17ರ ರಾಷ್ಟ್ರೀಯ ಮೂರ್ಛೆರೋಗ ದಿನಕ್ಕೆ ಒಂದು ಓದು.

ನೀರು ತುಂಬುವ ಹಬ್ಬ ಕಳೆದು ನರಕ ಚತುರ್ದಶಿಯ ನಸುಕು. ತಲಕಾಡಿನ ಬೀದಿಗಳಲ್ಲಿ ಇನ್ನೂ ಕತ್ತಲು. ಹೊಳೆಯ ಕಡೆಯಿಂದ ಬರುವ ತಣ್ಣನೆ ಗಾಳಿಯಲ್ಲಿ ನೀರೊಲೆಗಳ ಹೊಗೆ ಬೆರೆತಿದೆ. ಒಲೆಯಲ್ಲಿ ತೆಂಗಿನ ಮಟ್ಟೆ ಚಟಪಟ ಉರಿಯುತ್ತಿದೆ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಸಿಕೊಂಡು, ಕೊರಳಿಗೆ ಹಾಗಲ ಬಳ್ಳಿ ಸುತ್ತಿಸಿಕೊಂಡ ಹಂಡೆ. ಮರಳಿಗೆ ಹೆಸರಾದ ಊರಿನಲ್ಲಿ ಇವತ್ತು ನೀರೂ ಮರಳುತ್ತಿದೆ.

ಬಚ್ಚಲಿನ ಮಣೆಯ ಮೇಲೆ ಹತ್ತು ವರ್ಷದ ಹುಡುಗ. ನೆತ್ತಿಗೆ ಹರಳೆಣ್ಣೆ ತಟ್ಟಿ ಗಂಟೆಯಾಗಿದೆ.

“ಕಣ್ ಮುಚ್ಕೊ ಕೂಸೆ, ಸೀಗೆಪುಡಿ ಬಿದ್ದಾತು.”

ಅಜ್ಜಿ ನೀರು ಹುಯ್ಯುತ್ತಾಳೆ. ಒಂದು ಚೊಂಬು, ಎರಡು, ಮೂರು, ಬಿಡುವಿಲ್ಲದೆ. ಹೋದ ವರ್ಷ ಸುಡ್ತದೆ ಎಂದು ಚೀರಿ ಓಡಿದ್ದವನು ಈ ಸಲ ಓಡಲಿಲ್ಲ. “ಇನ್ನೂ ಹುಯ್ಯಜ್ಜಿ” ಅಂದ. ಅಜ್ಜಿಗೆ ಖುಷಿ. ಹುಡುಗ ದೊಡ್ಡವನಾದ ಅಂದುಕೊಂಡಳು.

ಆಮೇಲೆ ಮಾತು ನಿಂತಿತು. ಕಣ್ಣು ಗೋಡೆಯಲ್ಲಿ ನೆಟ್ಟಿತು. ತುಟಿ ಏನನ್ನೋ ಚಪ್ಪರಿಸುವಂತೆ ಆಡತೊಡಗಿತು. ಬೆರಳು ಒದ್ದೆ ನೆಲದ ಮೇಲೆ ಇಲ್ಲದ ವಸ್ತುವನ್ನು ತಡಕಿದವು. ಹೆಸರು ಹಿಡಿದು ಕೂಗಿದರೂ ಓಗೊಡಲಿಲ್ಲ. ನೋಡನೋಡುತ್ತ ಮಣೆಯಿಂದ ಜಾರಿದ.

“ಕೈಗೆ ಕಬ್ಬಿಣ ಕೊಡ್ರವ್ವಾ!” ಯಾರೋ ಬೀಗದ ಕೈ ತಂದರು. ಇನ್ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಎರಡು ಮೂರು ನಿಮಿಷ. ಹುಡುಗ ಕಣ್ಣು ಬಿಟ್ಟ. ಆದದ್ದೇನೂ ನೆನಪಿಲ್ಲ, ನಿದ್ದೆ ಬತ್ತದೆ ಅಂದ.

ಈ ಹುಡುಗನಿಗೆ ಹೆಸರಿಲ್ಲ. ವೈದ್ಯಕೀಯ ಬರಹಗಳಲ್ಲಿ ಚೆದುರಿ ಕೂತ ಲಕ್ಷಣಗಳನ್ನು ಒಟ್ಟುಮಾಡಿ ನಾನು ಮಣೆಯ ಮೇಲೆ ಕೂರಿಸಿದ ಹುಡುಗ ಇವನು. ಆದರೆ ಅವನಿಗೆ ಬಂದ ಕಾಯಿಲೆ ನಿಜ, ಅದಕ್ಕೆ ಹೆಸರೂ ಇದೆ: ಬಿಸಿನೀರಿನ ಮೂರ್ಛೆ. ಜಗತ್ತಿನಲ್ಲಿ ಇದು ಅತಿ ಹೆಚ್ಚು ದಾಖಲಾಗಿರುವ ಸೀಮೆಗಳಲ್ಲಿ ನಮ್ಮ ದಕ್ಷಿಣ ಕರ್ನಾಟಕವೂ ಒಂದು.

‘ನಾರ್ಮಲ್’ ಎಂಬ ಶಾಪ

ಮುಂದಿನದು ಎಲ್ಲರಿಗೂ ಗೊತ್ತಿರುವ ದಾರಿ. ಟಿ. ನರಸೀಪುರದ ಬಸ್ಸು, ಅಲ್ಲಿಂದ ಮೈಸೂರು. “ಯಾವುದಕ್ಕೂ ಒಂದ್ ಸ್ಕ್ಯಾನಿಂಗ್ ಮಾಡ್ಸಿ ಸಾರ್” ಎಂದು ಅಪ್ಪನೇ ಕೇಳುತ್ತಾನೆ. ಈಗ ಹಳ್ಳಿಯಲ್ಲೂ ತಲೆನೋವಿಗೆ ಮೊದಲು ನೆನಪಾಗುವುದು ಮಾತ್ರೆಯಲ್ಲ, ಸ್ಕ್ಯಾನಿಂಗ್.

ಹುಡುಗನನ್ನು ಯಂತ್ರದ ಸುರಂಗದೊಳಕ್ಕೆ ಕಳಿಸುತ್ತಾರೆ. ಢಂಢಂ ಸದ್ದು. ಸಂಜೆಗೆ ದೊಡ್ಡ ಲಕೋಟೆ, ಒಳಗೆ ಕಪ್ಪು ಫಿಲಂ, ಜೊತೆಗೊಂದು ಹಾಳೆ. ಅದರ ಕೊನೆಯ ಸಾಲು: ನಾರ್ಮಲ್.

ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ಸಮಸ್ಯೆ ಶುರುವಾಗುವುದು ಆಮೇಲೆ. ಮಿದುಳಿನಲ್ಲಿ ಏನೂ ಇಲ್ಲವೆಂದು ಅಷ್ಟು ದೊಡ್ಡ ಯಂತ್ರವೇ ಹೇಳಿತಲ್ಲ, ಹಾಗಿದ್ದರೆ ಹುಡುಗ ಬಿದ್ದದ್ದು ಯಾತಕ್ಕೆ? ಗಾಳಿ ಸೋಕಿರಬೇಕು. ಬಚ್ಚಲು ತಾನೆ, ಅಲ್ಲಿ ಏನೇನಿರುತ್ತದೋ. ಹೀಗೆ ‘ನಾರ್ಮಲ್’ ಎಂದ ವರದಿಯೇ ಮಂತ್ರ ಹಾಕುವವನಿಗೆ ಸಿಕ್ಕ ಸರ್ಟಿಫಿಕೇಟ್ ಆಗಿಬಿಡುತ್ತದೆ.

ಯಂತ್ರ ಸುಳ್ಳು ಹೇಳಲಿಲ್ಲ. ಅದನ್ನು ಕೇಳಿದ ಪ್ರಶ್ನೆ ಬೇರೆಯಿತ್ತು. ಮಿದುಳಿನಲ್ಲಿ ಗಡ್ಡೆ, ಗಾಯ, ರಕ್ತಸ್ರಾವ ಇದೆಯೇ ಎಂದು ಕೇಳಿದರು, ಇಲ್ಲವೆಂದು ಅದು ಹೇಳಿತು. ಬಚ್ಚಲಿನಲ್ಲಿ ಆ ಮೂರು ನಿಮಿಷ ಏನಾಯಿತೆಂದು ಅದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅದಕ್ಕೆ ಗೊತ್ತಿರುತ್ತಿರಲಿಲ್ಲ, ಫಿಲಂ ತೆಗೆದಾಗ ಹುಡುಗ ತಣ್ಣಗೆ ಮಲಗಿದ್ದ.

ತಲೆಬುರುಡೆಯೊಳಗೆ ಇಣುಕಿದವರು

1895ರಲ್ಲಿ ರಾಂಟ್‌ಜೆನ್ ಕ್ಷಕಿರಣ ಕಂಡುಹಿಡಿದಾಗ ಮೂಳೆ ಕಂಡಿತು, ಮಿದುಳು ಕಾಣಲಿಲ್ಲ. ಬುರುಡೆ ಎಂಬ ಗಟ್ಟಿ ಪೆಟ್ಟಿಗೆಯೊಳಗಿನ ಮೆತ್ತನೆ ಮಿದುಳನ್ನು ಕ್ಷಕಿರಣ ಸುಮ್ಮನೆ ದಾಟಿಹೋಗುತ್ತಿತ್ತು.

1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ ಒಂದು ಧೈರ್ಯದ ಉಪಾಯ ಮಾಡಿದ. ಮಿದುಳಿನೊಳಗಿನ ದ್ರವವನ್ನು ತೆಗೆದು ಅಲ್ಲಿಗೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆದ. ನೆರಳಿನಲ್ಲಿ ಒಳಕೋಣೆಗಳ ಆಕಾರ ಮೂಡಿತು. ನೋವು ಮಾತ್ರ ರೋಗಿಯ ಪಾಲಿಗೆ. ಒಂದು ಪೀಳಿಗೆಯ ನಂತರವೂ ಮಿದುಳಿನ ಗಡ್ಡೆ ಹುಡುಕಲು ಇಂಥ ದಾರಿಗಳೇ ಗತಿಯಾಗಿದ್ದವು.

ದಾರಿ ಬದಲಾದದ್ದು 1971ರ ಅಕ್ಟೋಬರ್ 1ರಂದು. ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಕಟ್ಟಿದ ಯಂತ್ರದಲ್ಲಿ ಒಬ್ಬ ಮಹಿಳೆಯ ತಲೆಯ ಚಿತ್ರ ತೆಗೆದರು. ಆತ ಕೆಲಸ ಮಾಡುತ್ತಿದ್ದದ್ದು ಹಾಡಿನ ತಟ್ಟೆಗಳಿಗೆ ಹೆಸರಾದ ಇಎಂಐ ಕಂಪನಿಯಲ್ಲಿ. ಉದ್ದಕ್ಕೆ 80, ಅಡ್ಡಕ್ಕೆ 80 ಚೌಕಗಳ ಒರಟು ಚಿತ್ರ ಅದು. ಆದರೆ ಶಂಕಿಸಿದ್ದ ಗಡ್ಡೆ ಅದರಲ್ಲಿ ಕಂಡಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್‌ಗೆ ನೊಬೆಲ್ ಬಂತು. ಎಂಆರ್‌ಐಗೆ ಬುನಾದಿ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ.

ಈ ಯಂತ್ರಗಳು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಲಕ್ವ ಹೊಡೆದು ಬಾಯಿ ಸೊಟ್ಟಗಾದವರನ್ನು ತಂದಾಗ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದಿದೆಯೋ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ವಿಷ. ಸಿಟಿ ಸ್ಕ್ಯಾನ್ ಅದನ್ನು ನಿಮಿಷಗಳಲ್ಲಿ ಬೇರ್ಪಡಿಸುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಆದ್ದರಿಂದ ಲಕ್ವ ಹೊಡೆದವರನ್ನು ತಲಕಾಡಿನಿಂದ ಮೈಸೂರಿಗೆ ಸಾಗಿಸುವಾಗ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು.

ಅದು ನಿಂತ ಗಾಯದ ಮಾತು. ಮೂರ್ಛೆ ನಿಲ್ಲುವುದಿಲ್ಲ. ಬಂದು ಹೋಗುತ್ತದೆ.

> ಯಾವ ಯಂತ್ರ ಏನು ನೋಡುತ್ತದೆ?
>
> ಸಿಟಿ: ಕ್ಷಕಿರಣದಿಂದ ತಲೆಯ ಹೋಳು ಹೋಳು ಚಿತ್ರ. ರಕ್ತಸ್ರಾವ, ಮೂಳೆ ಮುರಿತ, ಸುಣ್ಣಗಟ್ಟಿದ ಕಲೆಗಳಿಗೆ ಒಳ್ಳೆಯದು. ಬೇಗ ಮುಗಿಯುತ್ತದೆ. ಒಂದು ಸಲಕ್ಕೆ ಸುಮಾರು 2 ಮಿಲಿಸೀವರ್ಟ್ ವಿಕಿರಣ.
>
> ಎಂಆರ್‌ಐ: ಕ್ಷಕಿರಣವಿಲ್ಲ. ಭೂಮಿಯ ಕಾಂತಬಲಕ್ಕಿಂತ ಹತ್ತಾರು ಸಾವಿರ ಪಟ್ಟು ಬಲದ ಅಯಸ್ಕಾಂತ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳಿಂದ ಸಂಕೇತ ಪಡೆಯುತ್ತದೆ. ಮೆತ್ತನೆ ಭಾಗಗಳ ಸೂಕ್ಷ್ಮ ಚಿತ್ರ ಸಿಗುತ್ತದೆ. ಪೇಸ್‌ಮೇಕರ್, ಮೈಯೊಳಗೆ ಲೋಹ ಇದ್ದರೆ ಮೊದಲೇ ಹೇಳಬೇಕು.
>
> ಇಇಜಿ: ಇದು ಚಿತ್ರವಲ್ಲ, ಮಿದುಳಿನ ವಿದ್ಯುತ್ತಿನ ಗೀಟು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರಲ್ಲಿ ಮೊದಲು ದಾಖಲಿಸಿದ. ಮೂರ್ಛೆ ಪತ್ತೆಗೆ ಇಂದಿಗೂ ಬೇಕು.
>
> ಸ್ಪೆಕ್ಟ್: ಸ್ವಲ್ಪ ವಿಕಿರಣವುಳ್ಳ ಮದ್ದನ್ನು ರಕ್ತಕ್ಕೆ ಸೇರಿಸಿ, ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತೆಂದು ನೋಡುವ ವಿಧಾನ.

ಕಂಡರೂ ತಿಳಿಯದ ಚುಕ್ಕೆ

ಕಾಣಿಸಿದ ಮಾತ್ರಕ್ಕೆ ತಿಳಿಯಿತು ಎಂದೇನಲ್ಲ. ಗಡಿಯಾಚೆಯ ವೆಲ್ಲೂರಿನ ಕಥೆ ಇದಕ್ಕೆ ಸಾಕ್ಷಿ.

ಸಿಟಿ ಸ್ಕ್ಯಾನ್ ಭಾರತಕ್ಕೆ ಬಂದ ಮೇಲೆ ಮೂರ್ಛೆ ಬಂದ ಎಷ್ಟೋ ಜನರ ಮಿದುಳಿನಲ್ಲಿ ಒಂದೇ ಒಂದು ಪುಟ್ಟ, ಉಂಗುರದಂಥ ಚುಕ್ಕೆ ಕಾಣತೊಡಗಿತು. ಇದು ಕ್ಷಯದ ಗಂಟು ಎಂದುಕೊಂಡರು. ಕ್ಷಯ ಹೆಚ್ಚಿರುವ ನಾಡಿನಲ್ಲಿ ಹಾಗೆ ಅನ್ನಿಸುವುದು ಸಹಜ. ಹಲವರಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದರು. ಚುಕ್ಕೆ ಮಾಯವಾಯಿತು, ಮಾತ್ರೆಗೆ ಹೆಸರು ಬಂತು.

ಚುಕ್ಕೆ ಮಾತ್ರೆ ಇಲ್ಲದೆಯೂ ಮಾಯವಾಗುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಅಂಥ ಚುಕ್ಕೆಗಳನ್ನು ಶಸ್ತ್ರಕ್ರಿಯೆಯಲ್ಲಿ ಹೊರತೆಗೆದು ನೋಡಿದರು. ಒಳಗಿದ್ದದ್ದು ಲಾಡಿಹುಳುವಿನ ಮರಿ. 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ವರದಿ ಬಂತು. ಮಲದಿಂದ ಕೆಟ್ಟ ನೀರು, ಸರಿಯಾಗಿ ತೊಳೆಯದ ಸೊಪ್ಪಿನ ಮೂಲಕ ಹುಳುವಿನ ಮೊಟ್ಟೆ ಹೊಟ್ಟೆ ಸೇರುತ್ತದೆ, ಅಲ್ಲಿಂದ ಮಿದುಳಿಗೆ. ಹಂದಿ ಮಾಂಸ ಮುಟ್ಟದವರಿಗೂ ಇದು ತಪ್ಪಿದ್ದಲ್ಲ.

ವೆಲ್ಲೂರಿನಲ್ಲಿ ಚುಕ್ಕೆ ಕಣ್ಣೆದುರೇ ಇತ್ತು, ಅರ್ಥ ತಪ್ಪಿತ್ತು. ನಮ್ಮ ತಲಕಾಡಿನ ಹುಡುಗನ ಫಿಲಂನಲ್ಲಿ ಚುಕ್ಕೆಯೇ ಇಲ್ಲ, ಆದರೂ ಕಾಯಿಲೆ ಇದೆ. ಎರಡೂ ಕಡೆ ದಾರಿ ತೋರಿಸಿದ್ದು ಒಂದೇ: ಫಿಲಂನಿಂದ ತಲೆಯೆತ್ತಿ ರೋಗಿಯ ಕಡೆ ನೋಡಿದವರ ಅನುಮಾನ.

ಬಚ್ಚಲಿನ ಕಥೆ ಕೇಳಿದ ವೈದ್ಯರು

ಸ್ನಾನದ ಬಿಸಿನೀರಿನಿಂದ ಮೂರ್ಛೆ ಬಂದದ್ದು ಮೊದಲು ವರದಿಯಾದದ್ದು 1945ರಲ್ಲಿ, ನ್ಯೂಜಿಲೆಂಡ್‌ನ ಹತ್ತು ವರ್ಷದ ಹುಡುಗನಲ್ಲಿ. ಅಲ್ಲಿ ಅದೊಂದು ವಿಚಿತ್ರ. ಇಲ್ಲಿ?

ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಮೊದಲ ವರದಿ ಬರೆದರು. 1972ರಲ್ಲಿ 60 ರೋಗಿಗಳ ವಿವರ, 1974ರಲ್ಲಿ 108 ರೋಗಿಗಳದು. ನ್ಯೂಜಿಲೆಂಡ್‌ನಲ್ಲಿ ವಿಚಿತ್ರ ಎನಿಸಿದ್ದು ಇಲ್ಲಿ ಹೊರರೋಗಿ ವಿಭಾಗದಲ್ಲಿ ಸಾಲು ನಿಂತಿತ್ತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸತೀಶ್ಚಂದ್ರ ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದರು.

ಅವರು ಕಂಡ ಚಿತ್ರ ಹೀಗಿತ್ತು: ಹೆಚ್ಚಿನವರು ಮಕ್ಕಳು, ಹರೆಯದವರು. ಹೆಣ್ಣಿಗಿಂತ ಗಂಡು ಹೆಚ್ಚು. ಮೂವರಲ್ಲಿ ಇಬ್ಬರಿಗೆ ಕೈಕಾಲು ಬಡಿತವಲ್ಲ, ಪರಿವೆ ತಪ್ಪಿ ಶೂನ್ಯಕ್ಕೆ ನೋಡುವ, ಬಾಯಿ ಚಪ್ಪರಿಸುವ ಬಗೆಯ ಮೂರ್ಛೆ. ನೋಡಿದವರು ದೆವ್ವ ಎನ್ನುವುದು ಇದನ್ನೇ.

ಇನ್ನೊಂದು ಸೋಜಿಗವೂ ಇತ್ತು. ಕೆಲವರಿಗೆ ಬಿಸಿನೀರು ಬೀಳುತ್ತಿದ್ದಂತೆ ತಡೆಯಲಾಗದ ಸುಖ. ಇನ್ನೂ ಬೇಕು, ಇನ್ನೂ ಬೇಕು ಎನ್ನಿಸಿ, ಪ್ರಜ್ಞೆ ತಪ್ಪುವವರೆಗೂ ತಾವೇ ಹುಯ್ದುಕೊಳ್ಳುತ್ತಾರೆ. ‘ಇನ್ನೂ ಹುಯ್ಯಜ್ಜಿ’ ಎಂದ ಹುಡುಗ ದೊಡ್ಡವನಾಗಿರಲಿಲ್ಲ. ಮೂರ್ಛೆಯ ಬಾಗಿಲು ಆಗಲೇ ತೆರೆದಿತ್ತು.

ಕಾರಣ ನೀರಿಗಿಂತ ಹೆಚ್ಚಾಗಿ ನಮ್ಮ ಸ್ನಾನದ ಬಗೆಯಲ್ಲಿದೆ. 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಚೊಂಬಿನಲ್ಲಿ ಮೊಗೆದು ನೆತ್ತಿಗೆ ಒಂದೇ ಸಮನೆ ಸುರಿಯುವುದು. ಜ್ವರ ಬಂದರೆ ಒಂದೆರಡು ಡಿಗ್ರಿ ಏರುವುದಕ್ಕೇ ಹೆದರುತ್ತೇವೆ. ಇಲ್ಲಿ ನೆತ್ತಿಯ ಮೇಲೆ ಬೀಳುವ ನೀರಿಗೂ ಮೈಗೂ ಹತ್ತು ಡಿಗ್ರಿ ದಾಟುವಷ್ಟು ಅಂತರ ಇರಬಹುದು. ಬಟ್ಟಲಿನಿಂದ ತಲೆಗೆ ನೀರು ಸುರಿದುಕೊಳ್ಳುವ ವಾಡಿಕೆ ಇರುವ ಟರ್ಕಿಯಿಂದಲೂ ಇಂಥ ರೋಗಿಗಳ ವರದಿ ಬಂದಿದೆ.

> ಅಂಕಿಗಳ ಹೊಳೆಯಲ್ಲಿ
>
> • ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ, ಗ್ರಾಮಾಂತರದ 1,02,557 ಜನರ ಮನೆಮನೆ ಸಮೀಕ್ಷೆ ಮಾಡಿದಾಗ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗ ಕಂಡಿತು. ನಗರದಲ್ಲಿ 5.7, ಹಳ್ಳಿಯಲ್ಲಿ 11.9.
>
> • ತಲಕಾಡಿನಿಂದ ಹೊಳೆ ದಾಟಿದರೆ ದೂರವಲ್ಲದ ಯಳಂದೂರು ಆಗ ಮೈಸೂರು ಜಿಲ್ಲೆಯ ತಾಲ್ಲೂಕು. 1990ರ ದಶಕದಲ್ಲಿ ಡಾ. ಮಣಿ ಮತ್ತು ಸಂಗಡಿಗರು ಅಲ್ಲಿ 64,963 ಜನರ ಸಮೀಕ್ಷೆ ಮಾಡಿದರು. ಸಿಕ್ಕ ಲೆಕ್ಕ ಸಾವಿರಕ್ಕೆ 4.63.
>
> • ಹಳ್ಳಿಯಲ್ಲೇ ಅಗ್ಗದ ಫಿನೊಬಾರ್ಬಿಟಾಲ್, ಫೆನಿಟಾಯಿನ್ ಮಾತ್ರೆ ಕೊಟ್ಟು ಮೂರ್ಛೆ ಹತೋಟಿಗೆ ತರಬಹುದೆಂದು ಯಳಂದೂರಿನ ಈ ಕೆಲಸ ತೋರಿಸಿತು. 2001ರಲ್ಲಿ ಅದು ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು.

ಕಳ್ಳನನ್ನು ಹಿಡಿದ ಚುಚ್ಚುಮದ್ದು

ಕಥೆ ಕೇಳಿ ರೋಗ ಗುರುತಿಸಿದರು. ಆದರೆ ಮಿದುಳಿನ ಯಾವ ಮೂಲೆಯಲ್ಲಿ ಕಿಡಿ ಹತ್ತುತ್ತದೆ? ಅದನ್ನು ತೋರಿಸಬೇಕಲ್ಲ.

ಸಿಟಿ, ಎಂಆರ್‌ಐ ಹೆಚ್ಚಿನವರಲ್ಲಿ ನಾರ್ಮಲ್. ಮೂರ್ಛೆ ಇಲ್ಲದ ಹೊತ್ತಿನ ಇಇಜಿಯೂ ಬಹುತೇಕ ನಾರ್ಮಲ್. ಮೂರ್ಛೆ ಬಂದಾಗಲೇ ಇಇಜಿ ತೆಗೆಯೋಣವೆಂದರೆ ತಲೆಯ ತುಂಬ ತಂತಿ ಅಂಟಿಸಿ, ಅದರ ಮೇಲೆ ಬಿಸಿನೀರು ಸುರಿಯಬೇಕು. ತಂತಿ ಕಳಚುತ್ತದೆ, ನೀರಿನ ಗದ್ದಲವೇ ಗೀಟಾಗಿ ಬರುತ್ತದೆ. ಇನ್ನು ಬಚ್ಚಲನ್ನು ಎಂಆರ್‌ಐ ಸುರಂಗದೊಳಕ್ಕೆ ಒಯ್ಯುವುದಂತೂ ಆಗದ ಮಾತು.

ಇಲ್ಲಿ ಕೈಗೆ ಬಂದದ್ದು ಸ್ಪೆಕ್ಟ್. ಅದರ ಜಾಣತನ ಯಂತ್ರದಲ್ಲಿಲ್ಲ, ಮದ್ದಿನಲ್ಲಿದೆ. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಧಾತುವನ್ನು ಇಸಿಡಿ ಎಂಬ ರಾಸಾಯನಿಕಕ್ಕೆ ಕಟ್ಟಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಒಂದೆರಡು ನಿಮಿಷದೊಳಗೆ ಅದು ಮಿದುಳು ಸೇರಿ, ರಕ್ತ ಎಲ್ಲಿ ಹೆಚ್ಚು ನುಗ್ಗುತ್ತಿದೆಯೋ ಅಲ್ಲಿ ಹೆಚ್ಚು ಕೂತುಬಿಡುತ್ತದೆ. ಒಮ್ಮೆ ಕೂತರೆ ಬೇಗ ಕದಲುವುದಿಲ್ಲ. ಧಾತುವಿನ ಅರ್ಧಾಯುಷ್ಯ ಆರು ಗಂಟೆ. ಆದ್ದರಿಂದ ಚಿತ್ರ ತೆಗೆಯಲು ಅವಸರವಿಲ್ಲ.

ಅಂದರೆ ಮೂರ್ಛೆ ಶುರುವಾದೊಡನೆ ಸೂಜಿ ಹಾಕಿದರೆ ಸಾಕು. ರೋಗಿ ಎಚ್ಚೆತ್ತು, ತಲೆ ಒರೆಸಿಕೊಂಡು, ನಿಧಾನವಾಗಿ ಬಂದು ಯಂತ್ರದ ಕೆಳಗೆ ಮಲಗಬಹುದು. ಚಿತ್ರದಲ್ಲಿ ಬರುವುದು ಮಲಗಿದ ಹೊತ್ತಿನ ಮಿದುಳಲ್ಲ, ಸೂಜಿ ಚುಚ್ಚಿದ ಹೊತ್ತಿನದು. ಕಳ್ಳ ಓಡಿಹೋದ ಮೇಲೆ ಹೆಜ್ಜೆ ಗುರುತು ಹಿಡಿದಂತೆ.

ಡಾ. ಸತೀಶ್ಚಂದ್ರ, ಡಾ. ಕೆ.ಜಿ. ಕಲ್ಲೂರ್, ಡಾ. ಪಿ.ಎನ್. ಜಯಕುಮಾರ್ ಬಿಸಿನೀರಿನ ಮೂರ್ಛೆಯಲ್ಲಿ ಇದನ್ನೇ ಮಾಡಿ 2001ರಲ್ಲಿ ವರದಿ ಮಾಡಿದರು. ಮೂರ್ಛೆಯ ಹೊತ್ತಿನ ಚಿತ್ರದಲ್ಲಿ ಎರಡು ಜಾಗ ಹೊಳೆದವು. ಒಂದು, ಕಣತಲೆಯ ಒಳಗೆ ಆಳದಲ್ಲಿರುವ ಟೆಂಪೊರಲ್ ಲೋಬ್‌ನ ಒಳಮಗ್ಗಲು. ಇನ್ನೊಂದು, ಹೈಪೊಥಲಾಮಸ್. ಅಲ್ಲಿಂದ ಆ ಹೊಳಪು ಮಿದುಳಿನ ಎದುರು ಮಗ್ಗಲಿಗೂ ಹರಡಿತ್ತು.

ಹೈಪೊಥಲಾಮಸ್ ಮಿದುಳಿನ ತಳದಲ್ಲಿರುವ ಪುಟ್ಟ ಭಾಗ. ಹಸಿವು, ಬಾಯಾರಿಕೆಯ ಜೊತೆಗೆ ಮೈ ಬಿಸಿಯ ಲೆಕ್ಕವನ್ನೂ ನೋಡಿಕೊಳ್ಳುವುದು ಅದೇ. ಬಿಸಿಲಿಗೆ ಬೆವರಿಸುವುದು, ಚಳಿಗೆ ನಡುಗಿಸುವುದು ಅದರ ಕೆಲಸ. ಬಿಸಿಯ ಕಾವಲುಗಾರನ ಮನೆಯಲ್ಲೇ ಕಿಡಿ ಕಂಡಿತ್ತು. ಮೈ ಬಿಸಿಯನ್ನು ಸರಿದೂಗಿಸುವ ವ್ಯವಸ್ಥೆ ಕೆಲವರಲ್ಲಿ ಹುಟ್ಟಿನಿಂದಲೇ ಸೂಕ್ಷ್ಮವಾಗಿರಬಹುದು, ದಿಢೀರ್ ಬಿಸಿಯನ್ನು ಅದು ತಾಳಲಾರದೆ ಹೋಗಬಹುದು ಎಂಬ ತರ್ಕಕ್ಕೆ ಈ ಚಿತ್ರ ಬಲ ಕೊಟ್ಟಿತು. ಬಾಯಿ ಚಪ್ಪರಿಸುವುದು, ಶೂನ್ಯ ನೋಟ ಟೆಂಪೊರಲ್ ಲೋಬ್‌ನ ಮೂರ್ಛೆಯ ಗುರುತುಗಳೆಂದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಅಜ್ಜಿ ಕಂಡದ್ದಕ್ಕೂ ಚಿತ್ರ ಕಂಡದ್ದಕ್ಕೂ ತಾಳೆಯಾಯಿತು.

ಸಣ್ಣ ಕಿಡಿ, ದೊಡ್ಡ ಕಿಚ್ಚು

“ವರ್ಷಕ್ಕೊಂದ್ ಸಾರಿ ತಾನೆ, ಬುಡಿ” ಎನ್ನುವವರಿಗೆ ಇಲಿಗಳ ಕಥೆ ಹೇಳಬೇಕು.

ಜಿ.ಆರ್. ಉಲ್ಲಾಳ್, ಸತೀಶ್ಚಂದ್ರ ಮತ್ತು ಡಾ. ಎಸ್.ಕೆ. ಶಂಕರ್ ಇಲಿಗಳ ತಲೆಗೆ ಬಿಸಿನೀರು ಬಿಟ್ಟು ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ನಿಮ್ಹಾನ್ಸ್‌ನ ಮಿದುಳು ಭಂಡಾರ ಕಟ್ಟಿದ ಶಂಕರ್ ಇವರೇ. ಪ್ರಯೋಗ ಮತ್ತೆ ಮತ್ತೆ ನಡೆದಂತೆ ಇಲಿಗಳಿಗೆ ಮೂರ್ಛೆ ಬೇಗ ಬರತೊಡಗಿತು, ಹೆಚ್ಚು ಹೊತ್ತು ನಿಲ್ಲತೊಡಗಿತು. ಒಲೆಯಲ್ಲಿ ಚಕ್ಕೆಗೆ ಹತ್ತಿದ ಕಿಡಿ ಕೊರಡಿಗೆ ಹಬ್ಬುವ ಹಾಗೆ. ವಿಜ್ಞಾನಿಗಳೂ ಇದನ್ನು ಕಿಚ್ಚು ಹೊತ್ತಿಸುವ ಪರಿಭಾಷೆಯಲ್ಲೇ ಕರೆಯುತ್ತಾರೆ.

ಮನುಷ್ಯರಲ್ಲೂ ಕೆಲವರಿಗೆ ವರ್ಷಗಳು ಕಳೆದಂತೆ ಬಿಸಿನೀರಿನ ಹಂಗಿಲ್ಲದೆ ಮೂರ್ಛೆ ಬರತೊಡಗುತ್ತದೆ. ಹೊಲದಲ್ಲಿ, ಬೈಕಿನ ಮೇಲೆ, ಬಾವಿಯ ಕಟ್ಟೆಯಲ್ಲಿ. ಆದ್ದರಿಂದಲೇ ಬಚ್ಚಲಲ್ಲಿದ್ದಾಗಲೇ ಅದನ್ನು ನಿಲ್ಲಿಸಬೇಕು.

ಕೆಲವು ಮನೆಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ಸಂಗಡಿಗರು ಅಂಥ ಕುಟುಂಬಗಳ ರಕ್ತ ಪರೀಕ್ಷಿಸಿ, 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಇದರ ಸುಳಿವಿರುವ ಜಾಗಗಳನ್ನು 2009ರಲ್ಲಿ ಗುರುತಿಸಿದರು. ಮನೆತನಕ್ಕೆ ಅಂಟಿದ ಶಾಪವೆಂದು ಯಾರಾದರೂ ಹೇಳಿದ್ದರೆ, ಅದರ ವಿಳಾಸ ಇಲ್ಲಿದೆ.

ಗಾಯವೇ ಮದ್ದು ಹೇಳಿದ ಊರು

ತಲಕಾಡಿನ ಸ್ಥಳಪುರಾಣ ಗೊತ್ತಲ್ಲ. ತಲ, ಕಾಡ ಎಂಬ ಬೇಡರಿಬ್ಬರು. ಆನೆಗಳು ಪೂಜಿಸುತ್ತಿದ್ದ ಮರಕ್ಕೆ ಕೊಡಲಿ ಹಾಕಿದರು. ಮರದಿಂದ ರಕ್ತ ಚಿಮ್ಮಿತು. ಇದೇ ಮರದ ಎಲೆ, ಕಾಯಿ ಅರೆದು ಹಚ್ಚಿ ಎಂದು ಒಂದು ದನಿ ಹೇಳಿತು. ಹಚ್ಚಿದರು, ಗಾಯ ಮಾಯಿತು. ಹೀಗೆ ಶಿವ ಇಲ್ಲಿ ವೈದ್ಯನಾಥನಾದ. ಕಬಿನಿಯ ದಡದ ನಂಜನಗೂಡಿನಲ್ಲಿ ಅವನು ನಂಜುಂಡ. ತನ್ನ ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಅವನನ್ನು ಹಕೀಮ್ ನಂಜುಂಡ ಎಂದು ಕರೆದನೆಂಬ ಮಾತು ಇಂದಿಗೂ ಊರಲ್ಲಿದೆ.

ವೈದ್ಯನಾಥನ ಕಥೆಯಲ್ಲಿ ನನಗೆ ಹಿಡಿಸುವುದು ಒಂದು ಸಂಗತಿ. ಗಾಯವಾದವನೇ ಮಾತಾಡಿದ. ಬೇಡರು ಕಿವಿಗೊಟ್ಟರು. ಅಲ್ಲಿಗೆ ಅರ್ಧ ವೈದ್ಯ ಮುಗಿಯಿತು.

ನರರೋಗ ತಜ್ಞರು ಮಾಡುವುದೂ ಅದನ್ನೇ. ಒಳ್ಳೆಯ ವೈದ್ಯರು ಲಕೋಟೆ ಬಿಚ್ಚುವ ಮೊದಲು ಕೇಳುತ್ತಾರೆ: ಏನು ಮಾಡ್ತಿದ್ದಾಗ ಬಂತು? ಮೊದಲು ಕಣ್ಣು ಹೋಯ್ತೋ, ಕೈ ಹೋಯ್ತೋ? ಎಷ್ಟು ಹೊತ್ತು? ಯಾರು ನೋಡಿದಿರಿ? ಮೂರ್ಛೆಯ ಪತ್ತೆಯಲ್ಲಿ ಈ ಉತ್ತರಗಳ ತೂಕ ದೊಡ್ಡದು. ರೋಗಿಗೆ ನೆನಪಿರುವುದಿಲ್ಲ. ನೋಡಿದ ಅಜ್ಜಿ ಮಾತ್ರ ಹೇಳಬಲ್ಲಳು. ಆದರೆ ಆಸ್ಪತ್ರೆಗೆ ಹೋಗುವಾಗ ಅಪ್ಪ ಹೋಗುತ್ತಾನೆ, ಚಿಕ್ಕಪ್ಪ ಹೋಗುತ್ತಾನೆ, ಅಜ್ಜಿ ಮನೆಯಲ್ಲಿ ಹಸು ನೋಡಿಕೊಳ್ಳುತ್ತಾಳೆ. ಅತಿ ಮುಖ್ಯವಾದ ‘ಸ್ಕ್ಯಾನ್’ ಕೊಟ್ಟಿಗೆಯಲ್ಲೇ ಉಳಿಯುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮೂರ್ಛೆ ಬಂದಾಗ ಒಬ್ಬರು ರೋಗಿಯನ್ನು ನೋಡಿಕೊಂಡು, ಇನ್ನೊಬ್ಬರು ಅರ್ಧ ನಿಮಿಷ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿದರೆ ಅದೂ ಒಂದು ಚಿತ್ರವೇ. ಎಂಆರ್‌ಐ ಬೇಡವೆಂದಲ್ಲ. ಮೊದಲ ಸಲ ಮೂರ್ಛೆ ಬಂದವರಲ್ಲಿ ಗಡ್ಡೆ, ಹುಳುವಿನ ಚುಕ್ಕೆ, ಹಳೆಯ ಗಾಯ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಅದು ಬೇಕಾಗಬಹುದು. ಆದರೆ ‘ಇಲ್ಲ’ ಎಂದು ಹೇಳಿದ ಚಿತ್ರವನ್ನು ‘ಕಾಯಿಲೆಯೇ ಇಲ್ಲ’ ಎಂದು ಓದಬಾರದು.

> ಮೂರ್ಛೆ ಬಂದಾಗ
>
> • ಬಿಸಿನೀರು, ಒಲೆ, ಗಟ್ಟಿ ವಸ್ತುಗಳಿಂದ ದೂರ ಸರಿಸಿ. ತಲೆಯ ಕೆಳಗೆ ಮೆತ್ತನೆ ಬಟ್ಟೆ ಇಡಿ.
>
> • ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ.
>
> • ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ.
>
> • ಬೀಗದ ಕೈ, ಈರುಳ್ಳಿ, ಚಪ್ಪಲಿಯಿಂದ ಏನೂ ಆಗದು. ಮೂರ್ಛೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ಹೆಸರು ಬೀಗದ ಕೈಗೆ ಬರುತ್ತದೆ ಅಷ್ಟೆ.
>
> • ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ.

ಮದ್ದು ಅಗ್ಗ, ಮಾತು ದುಬಾರಿ

ಇಷ್ಟೆಲ್ಲ ಹುಡುಕಾಟದ ಕೊನೆಗೆ ಸಿಕ್ಕ ಚಿಕಿತ್ಸೆ ಕೇಳಿದರೆ ನಗು ಬರಬಹುದು: ನೀರಿಗೆ ತಣ್ಣೀರು ಬೆರೆಸಿ. ಉಗುರು ಬೆಚ್ಚಗಿರಲಿ. ಒಂದೇ ಸಮನೆ ನೆತ್ತಿಗೆ ಸುರಿಯಬೇಡಿ. ಬಚ್ಚಲ ಬಾಗಿಲಿಗೆ ಚಿಲಕ ಹಾಕಬೇಡಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಸಾಲದವರಿಗೆ, ತಲೆಗೆ ಸ್ನಾನ ಮಾಡುವ ಒಂದೂವರೆ ಎರಡು ಗಂಟೆ ಮೊದಲು ಕ್ಲೊಬಜಾಮ್ ಎಂಬ ಮಾತ್ರೆ ಕೊಡುವ ಕ್ರಮವನ್ನು ನಿಮ್ಹಾನ್ಸ್ ವೈದ್ಯರು ರೂಢಿಗೆ ತಂದರು. ದಿನವೂ ಅಲ್ಲ, ತಲೆಸ್ನಾನದ ದಿನ ಮಾತ್ರ. ಬೇರೆ ಹೊತ್ತಿನಲ್ಲೂ ಮೂರ್ಛೆ ಬರುವವರಿಗೆ ದಿನನಿತ್ಯದ ಮಾತ್ರೆ ಬೇಕು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಬರೆದುಕೊಟ್ಟದ್ದನ್ನು ನಾವಾಗಿ ನಿಲ್ಲಿಸಬಾರದು.

ಮದ್ದು ಅಗ್ಗ. ದುಬಾರಿಯಾದದ್ದು ಊರ ಬಾಯಿ. ‘ಮಲರೋಗದವನು’ ಎಂದರೆ ಹುಡುಗನ ಶಾಲೆ ನಿಲ್ಲುತ್ತದೆ, ಹುಡುಗಿಯ ಮದುವೆ ಮುರಿಯುತ್ತದೆ. ಕಾನೂನೂ ಬಹುಕಾಲ ಹಾಗೇ ಇತ್ತು. ಮೂರ್ಛೆರೋಗವಿದೆಯೆಂದು ಮದುವೆಯನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿತ್ತು. ಭಾರತೀಯ ಮೂರ್ಛೆರೋಗ ಸಂಘ ಅದರ ವಿರುದ್ಧ ಹೋರಾಡಿತು. 1999ರಲ್ಲಿ ತಿದ್ದುಪಡಿ ಬಂದು ಆ ಪದವನ್ನು ಕಾಯ್ದೆಯಿಂದ ತೆಗೆದರು. ಕಾಯ್ದೆಯಿಂದ ತೆಗೆದಷ್ಟು ಸುಲಭದಲ್ಲಿ ಜಗಲಿಯ ಮಾತಿನಿಂದ ತೆಗೆಯಲಾಗಲಿಲ್ಲ.

ಸ್ಪೆಕ್ಟ್ ಚಿತ್ರದ ನಿಜವಾದ ಉಪಕಾರ ಇಲ್ಲಿದೆ ಅನ್ನಿಸುತ್ತದೆ. ಬಿಸಿನೀರಿನ ಮೂರ್ಛೆ ಇರುವ ಪ್ರತಿಯೊಬ್ಬರಿಗೂ ಅದು ಬೇಕಿಲ್ಲ, ಕಥೆ ಕೇಳಿಯೇ ವೈದ್ಯರು ಗುರುತಿಸುತ್ತಾರೆ. ಆದರೆ ಕೆಲವರ ಮಿದುಳಿನಲ್ಲಿ ಕಂಡ ಆ ಹೊಳಪು ಉಳಿದವರೆಲ್ಲರ ಪರವಾಗಿ ಸಾಕ್ಷಿ ಹೇಳಿತು. ಬಚ್ಚಲಲ್ಲಿ ಬಿದ್ದವನು ನಟಿಸುತ್ತಿಲ್ಲ, ಅವನ ಮೇಲೆ ಯಾರೂ ಬಂದಿಲ್ಲ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಅವನಿಗೆ ಕಾಯಿಲೆಯಿದೆ.

ಮತ್ತೆ ನರಕ ಚತುರ್ದಶಿ ಬರುತ್ತದೆ. ಹಂಡೆಗೆ ಸುಣ್ಣ ಬಳಿಯುತ್ತಾರೆ, ನೀರೊಲೆಗೆ ಮಟ್ಟೆ ತುಂಬುತ್ತಾರೆ. ನಮ್ಮ ಹುಡುಗನನ್ನು ಇನ್ನೊಮ್ಮೆ ಮಣೆಯ ಮೇಲೆ ಕೂರಿಸೋಣ. ಈ ಸಲ ಹಂಡೆಯ ಪಕ್ಕ ಒಂದು ಕೊಡ ತಣ್ಣೀರು. ಬಾಗಿಲು ಅರೆ ತೆರೆದಿದೆ.

ಅಜ್ಜಿ ಮೊಗೆದ ಚೊಂಬು ಅವನ ನೆತ್ತಿಯವರೆಗೆ ಬಂದು ನಿಲ್ಲುತ್ತದೆ. ಹಸುಗೂಸಿನ ನೀರು ನೋಡುವಂತೆ ಬೆರಳದ್ದಿ ನೋಡುತ್ತಾಳೆ.

“ಇನ್ನೊಸಿ ತಣ್ಣೀರು ತತ್ತಾ ಮಗ.”